ಹುಚ್ಚೆಳ್ಳು ಪುಡಿಯ ತನಿಖೆ

ಯಾವ ಸಾಮಾನು ಕೈಗೆ ಬಂದರೂ ಮೊದಲು ಅದನ್ನು ಒಮ್ಮೆ ತಟ್ಟಿ ನೋಡುವುದು ನನ್ನ ಚಟ. ತೆಂಗಿನಕಾಯಿ, ಕಲ್ಲಂಗಡಿಯನ್ನು ಎಲ್ಲರೂ ತಟ್ಟುತ್ತಾರೆ, ಅದರಲ್ಲೇನೂ ವಿಶೇಷವಿಲ್ಲ. ನಾನು ಗ್ಯಾಸ್ ಸಿಲಿಂಡರ್ ತಟ್ಟುತ್ತೇನೆ, ಹೊಸ ಬಕೆಟ್ ತಟ್ಟುತ್ತೇನೆ, ಯಾರಾದರೂ ಗೃಹಪ್ರವೇಶಕ್ಕೆ ಕರೆದರೆ ಊಟಕ್ಕೆ ಕೂರುವ ಮೊದಲು ಅವರ ಗೋಡೆ ತಟ್ಟುತ್ತೇನೆ. ಮಗಳ ಸಂಬಂಧ ನೋಡಲು ಹೋದಾಗ ಬೀಗರ ಮನೆಯ ಟೀಪಾಯಿಯನ್ನು ತಟ್ಟಿದೆನೆಂದು ನನ್ನ ಹೆಂಡತಿ ಶಾಂತ ಇವತ್ತಿಗೂ ನೆಂಟರ ಮುಂದೆ ಆಡಿಕೊಳ್ಳುತ್ತಾಳೆ. ತೇಗದ್ದು ಎಂದಿದ್ದರು, ಪ್ಲೈವುಡ್ಡಾಗಿತ್ತು. ಅಳಿಯ ಒಳ್ಳೆಯವನೇ ಸಿಕ್ಕ, ಅದು ಬೇರೆ ಮಾತು.

ಇದು ಹುಟ್ಟುಗುಣವಲ್ಲ, ಹೊಟ್ಟೆಪಾಡಿನ ಗುಣ. ಮಾಚೇನಹಳ್ಳಿಯ ಒಂದು ಫೌಂಡ್ರಿಯಲ್ಲಿ ಮೂವತ್ತೊಂದು ವರ್ಷ ಇನ್ಸ್‌ಪೆಕ್ಷನ್ ಮೇಜಿನ ಹಿಂದೆ ಕೂತವನು ನಾನು. ಎರಕ ಹೊಯ್ದು ಆರಿದ ಕಬ್ಬಿಣದ ಪೀಸುಗಳು ಒಂದೊಂದಾಗಿ ನನ್ನ ಮುಂದೆ ಬರುತ್ತಿದ್ದವು. ಕಾಲು ಕೆಜಿಯ ಸುತ್ತಿಗೆಯಿಂದ ಒಂದೇಟು ಹಾಕಿ ಕಿವಿಗೊಟ್ಟು ಕೇಳಬೇಕು. ಗಟ್ಟಿ ಪೀಸಾದರೆ ಟಣ್ ಎಂದು ಸ್ವಲ್ಪ ಹೊತ್ತು ದನಿ ಎಳೆಯುತ್ತದೆ. ಒಳಗೆ ಕಣ್ಣಿಗೆ ಕಾಣದ ಬಿರುಕಿದ್ದರೆ ಟಪ್ ಎಂದು ಅಲ್ಲೇ ಸತ್ತುಹೋಗುತ್ತದೆ. ಟಪ್ ಎಂದದ್ದಕ್ಕೆ ಕೆಂಪು ಬಣ್ಣ ಬಳಿದು ಪಕ್ಕಕ್ಕೆ ಎಸೆಯುವುದು ನನ್ನ ಕೆಲಸ. ಮೂವತ್ತೊಂದು ವರ್ಷದಲ್ಲಿ ಗೊತ್ತಿದ್ದೂ ಒಂದೇ ಒಂದು ಹಾಳು ಪೀಸನ್ನು ನಾನು ಪಾಸು ಮಾಡಿದವನಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕು, ಬೇರೆ ಯಾರೂ ಹೇಳುವುದಿಲ್ಲ.

ಇಂಥ ಕೆಲಸ ಮಾಡಿದವನು ಮನೆಯಲ್ಲಿ ಹೇಗಿರುತ್ತಾನೆಂದು ನೀವೇ ಊಹಿಸಿಕೊಳ್ಳಿ. ಎದುರಿಗೆ ಬಂದದ್ದೆಲ್ಲ ಕೆಟ್ಟಿದೆ ಎಂದೇ ಶುರು. ಒಳ್ಳೆಯದೆಂದು ಅದೇ ತೋರಿಸಿಕೊಡಬೇಕು. ಹಾಲಿನವನ ಹಾಲು, ಮಾತ್ರೆಯ ಮೇಲಿನ ತಾರೀಖು, ಪಕ್ಕದ ಮನೆಯವರು ಕಾರಣವಿಲ್ಲದೆ ಮಾಡುವ ನಮಸ್ಕಾರ, ಯಾವುದನ್ನೂ ನಾನು ಸುಮ್ಮನೆ ಒಳಗೆ ಬಿಟ್ಟುಕೊಂಡವನಲ್ಲ. ಬಿಪಿ ನೋಡುವ ಮಿಷನ್ನನ್ನಂತೂ ಸ್ವಲ್ಪವೂ ನಂಬುವುದಿಲ್ಲ. ಎಡಗೈಗೆ ಒಂದು ಹೇಳಿ ಬಲಗೈಗೆ ಇನ್ನೊಂದು ಹೇಳುವವರನ್ನು ನಂಬುವುದು ಹೇಗೆ? ‘ನಿಮ್ಮ ಮೇಜಿಗೆ ಬಂದ್ರೆ ಆ ಶಿವನಿಗೂ ಕೆಂಪು ಬಣ್ಣ ಬಳಿದು ಕಳಿಸ್ತೀರಿ’ ಎಂದು ಶಾಂತ ಹೇಳುತ್ತಾಳೆ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ, ನಾನು ಎಂದೂ ಅನುಮಾನಪಡದೆ ಬಿಟ್ಟಿದ್ದ ಒಂದೇ ಒಂದು ಸಾಮಾನು ಕೈಕೊಟ್ಟಿತು. ಅದು ನನ್ನ ಎದೆ. ಗ್ಯಾಸೆಂದು ಎರಡು ದಿನ ಜೀರಿಗೆ ಕಷಾಯ ಕುಡಿದೆ. ಮೂರನೆಯ ದಿನ ಆಸ್ಪತ್ರೆಯಲ್ಲಿ ಎರಡು ಸ್ಟೆಂಟ್ ಹಾಕಿದರು. ಡಾಕ್ಟರು ಬೆನ್ನಿನ ಮೇಲೆ ಬೆರಳಿಟ್ಟು ಇನ್ನೊಂದು ಬೆರಳಿನಿಂದ ತಟ್ಟಿ ನೋಡಿದಾಗ ನಮ್ಮ ಜಾತಿಯವನೇ ಸಿಕ್ಕನಲ್ಲ ಎಂದು ನನಗೆ ಖುಷಿಯಾಯಿತು. ಆ ಮನುಷ್ಯ ನನಗೇನೂ ಹೇಳದೆ ಶಾಂತನ ಕಡೆ ತಿರುಗಿ, ‘ಮೂರು ತಿಂಗಳು ಪ್ರಯಾಣ ಬೇಡ. ಮನಸ್ಸಿಗೆ ಹಚ್ಕೊಳ್ಳೋ ಅಂಥ ಸುದ್ದಿ ಏನೂ ಇವರ ಕಿವಿಗೆ ಹಾಕ್ಬೇಡಿ’ ಎಂದರು. ಶಾಂತ ತಲೆಯಾಡಿಸಿದಳು. ಆ ತಲೆಯಾಡಿಸಿದ್ದನ್ನು ನಾನು ಆಗಲೇ ತಟ್ಟಿ ನೋಡಬೇಕಿತ್ತು.

ಈಗ ಡಬ್ಬಿಯ ವಿಷಯಕ್ಕೆ ಬರುತ್ತೇನೆ. ಭದ್ರಾವತಿಯ ಓಲ್ಡ್ ಟೌನಿನಲ್ಲಿ ನನ್ನ ಅಕ್ಕ ಗಿರಿಜ ಇದ್ದಳು. ನನಗಿಂತ ಐದು ವರ್ಷ ದೊಡ್ಡವಳು. ಅವಳ ಮನೆಗೂ ಪಕ್ಕದೂರಿನ ರವೀಂದ್ರನಗರದ ನಮ್ಮ ಮನೆಗೂ ನಡುವೆ ಒಂದು ಸ್ಟೀಲಿನ ಡಬ್ಬಿ ಇಪ್ಪತ್ತೈದು ವರ್ಷದಿಂದ ಓಡಾಡಿಕೊಂಡಿತ್ತು. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಅವಳ ಹೆಸರು ಕೊರೆಸಿತ್ತು. ಹದಿನೈದು ದಿನಕ್ಕೊಮ್ಮೆ ಭಾವ, ಅಂದರೆ ಅಕ್ಕನ ಗಂಡ, ಅದರ ತುಂಬ ಹುಚ್ಚೆಳ್ಳಿನ ಚಟ್ನಿಪುಡಿ ತಂದು ಕೊಡುತ್ತಿದ್ದರು. ವಾಪಸ್ ಹೋಗುವಾಗ ಶಾಂತ ಅದರಲ್ಲಿ ಏನಾದರೊಂದು ತುಂಬಿಸುತ್ತಿದ್ದಳು. ನಮ್ಮಲ್ಲಿ ಡಬ್ಬಿಯನ್ನು ಖಾಲಿ ಕಳಿಸುವಂತಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕಳಿಸಬೇಕು. ಜಗಳ ಮಾಡಿಕೊಂಡವರು ಮಾತ್ರ ಖಾಲಿ ಕಳಿಸುತ್ತಾರೆ.

ಈ ನಿಯಮವನ್ನು ನಾನು ಕಲಿತದ್ದು ಒದೆ ತಪ್ಪಿಸಿಕೊಂಡು. ನಾವು ಹುಟ್ಟಿ ಬೆಳೆದದ್ದು ಓಲ್ಡ್ ಟೌನಿನಲ್ಲೇ. ಹಿಂದಿನ ಮನೆಯ ಗೌರಮ್ಮ ಕಡುಬು ಕಳಿಸಿದ್ದರು. ಅವರ ಡಬ್ಬಿಯಲ್ಲಿ ಒಂದು ಬೆಲ್ಲದ ಉಂಡೆ ಇಟ್ಟು ಅಮ್ಮ ನನ್ನ ಕೈಗೆ ಕೊಟ್ಟಳು. ಹಿತ್ತಿಲು ದಾಟುವಷ್ಟರಲ್ಲಿ ಬೆಲ್ಲ ನನ್ನ ಹೊಟ್ಟೆಯಲ್ಲಿತ್ತು. ಗೌರಮ್ಮ ಸಂಜೆ ಬಂದು ‘ನಮ್ಮೇಲೇನಾದ್ರೂ ಬೇಜಾರಾ’ ಎಂದು ಕೇಳಿದಾಗ ಅಮ್ಮ ನಮ್ಮಿಬ್ಬರನ್ನೂ ನಿಲ್ಲಿಸಿಕೊಂಡಳು. ನಾನು ತಿಂದಿಲ್ಲವೆಂದೆ. ‘ಕಣ್ಣು ಪಿಳಿಪಿಳಿ ಮಿಟುಕಿಸ್ತಾನೆ, ಇವನೇ ಕಳ್ಳ’ ಎಂದು ಅಮ್ಮ ಕೈ ಎತ್ತಿದಳು. ಆಗ ಅಕ್ಕ, ‘ಅವನಲ್ಲ ಕಣಮ್ಮ, ನಾನೇ ಅವನ ಕೈಯಿಂದ ಇಸ್ಕೊಂಡು ತಿಂದೆ’ ಎಂದಳು. ರೆಪ್ಪೆ ಅಲ್ಲಾಡಲಿಲ್ಲ. ಅವಳ ತೊಡೆ ಚಿವುಟಿದ ಗುರುತು ಮೂರು ದಿನ ಇತ್ತು. ಅದು ಹೇಗೆ ಸಾಧ್ಯವೆಂದು ಕೇಳಿದ್ದಕ್ಕೆ ಅವಳು ಗುಟ್ಟು ಹೇಳಿಕೊಟ್ಟಳು: ‘ಸುಳ್ಳು ಹೇಳ್ವಾಗ ಕಣ್ಣು ನೋಡ್ಬಾರ್ದು ಕಣೋ ದಡ್ಡ. ಹಣೇಲಿ ವಿಭೂತಿ ಇರುತ್ತಲ್ಲ, ಅದನ್ನ ನೋಡ್ಬೇಕು. ಆಗ ರೆಪ್ಪೆ ಹೊಡ್ಕೊಳ್ಳಲ್ಲ.’ ನಾನು ಎಷ್ಟೋ ಸಲ ಪ್ರಯತ್ನಪಟ್ಟೆ. ನನಗೆ ಆ ವಿದ್ಯೆ ಹತ್ತಲಿಲ್ಲ.

ಅಕ್ಕನ ಪುಡಿಯ ಗುಣವೆಲ್ಲ ಅವಳ ಕಬ್ಬಿಣದ ಕುಟ್ಟಾಣಿಯಲ್ಲಿತ್ತು. ಅದು ನಮ್ಮ ಫೌಂಡ್ರಿಯಲ್ಲೇ ಹುಟ್ಟಿದ್ದು. ನಮ್ಮ ಮೋಲ್ಡರ್ ಆರುಮುಗಂ ಎಂಬುವನು ಉಳಿದ ಲೋಹ ಹೊಯ್ದು ಮಾಡಿಕೊಟ್ಟಿದ್ದ. ಅಂಚಿನಲ್ಲಿ ಒಂದು ಸಣ್ಣ ಗಾಳಿತೂತು ಬಿದ್ದಿತ್ತು. ನಾನು ಸುತ್ತಿಗೆ ಎತ್ತಿದಾಗ, ‘ಸಾರ್, ಇದು ಕಂಪ್ನಿ ಮಾಲಿಲ್ಲ, ಅಕ್ಕಾವ್ರಿಗೆ ಕೊಡೋದು, ಬಿಟ್ಬಿಡಿ ಸಾರ್’ ಎಂದು ಅವನು ಅಂಗಲಾಚಿದ. ಟಣ್ ಎಂದಿತು, ಬಿಟ್ಟೆ. ಆ ತೂತಿನಲ್ಲಿ ಬೆಳ್ಳುಳ್ಳಿ ಸಿಕ್ಕಿಕೊಳ್ಳುತ್ತದೆಂದು ಅಕ್ಕ ಬೈಯುತ್ತಲೇ ಇಪ್ಪತ್ತು ವರ್ಷ ಅದರಲ್ಲಿ ಕುಟ್ಟಿದಳು. ಮಿಕ್ಸಿಯ ಹೆಸರೆತ್ತಿದರೆ, ‘ಮಿಕ್ಸಿ ಪುಡಿ ಬಾಯಿಗೆ ಸಿಮೆಂಟ್ ಹಾಕ್ದಂಗಿರುತ್ತೆ’ ಎನ್ನುತ್ತಿದ್ದಳು.

ಸ್ಟೆಂಟ್ ಹಾಕಿದ ಮೇಲೆ ಬಂದ ಮೊದಲ ಡಬ್ಬಿಯ ಪುಡಿಯನ್ನು ರೊಟ್ಟಿಗೆ ಹಚ್ಚಿ ಬಾಯಿಗಿಟ್ಟ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಉಪ್ಪಿಲ್ಲ. ಅದಿರಲಿ, ನಾಲಿಗೆಗೆ ಕಾಳೇ ಸಿಗುತ್ತಿಲ್ಲ, ಎಲ್ಲ ಒಂದೇ ಸಮ ನುಣ್ಣಗಿದೆ. ಅದೃಷ್ಟಕ್ಕೆ ಹಳೆಯ ಪುಡಿ ಒಂದು ಬಾಟಲಿಯ ತಳದಲ್ಲಿ ಉಳಿದಿತ್ತು. ಎರಡನ್ನೂ ಬಿಳಿ ಹಾಳೆಯ ಮೇಲೆ ಪಕ್ಕಪಕ್ಕ ಹರವಿ ಭೂತಗನ್ನಡಿ ಹಿಡಿದು ಕೂತೆ. ಸಂಶಯವೇ ಇರಲಿಲ್ಲ. ಹೊಸದು ಮಿಕ್ಸಿಯ ಪುಡಿ. ಶಾಂತನನ್ನು ಕರೆದು ತೋರಿಸಿದರೆ ಅವಳು, ‘ರೊಟ್ಟಿ ತಣ್ಣಗಾಗ್ತಿದೆ, ಮೊದ್ಲು ತಿನ್ನಿ’ ಎಂದು ಒಳಗೆ ಹೋದಳು.

ಅಕ್ಕನಿಗೆ ಫೋನ್ ಮಾಡಿದೆ. ದನಿ ತಗ್ಗಿತ್ತು. ಗಂಟಲು ಕಟ್ಟಿದೆ ಎಂದಳು. ವೀಡಿಯೋಗೆ ಬಾ ಎಂದರೆ ಫೋನಿನ ಕ್ಯಾಮೆರಾ ಕೆಟ್ಟಿದೆ ಎಂದಳು. ನಾನು ನೇರ ವಿಷಯಕ್ಕೆ ಬಂದೆ.

‘ಪುಡಿ ನೀನು ಕುಟ್ಟಿದ್ದಲ್ಲ ಅಲ್ವಾ?’

‘ಅಂಗಡೀದೇ ಕಣೋ ರುದ್ರ. ಸೋಮಾರಿ ಆಗ್ಬಿಟ್ಟಿದೀನಿ. ಎಷ್ಟಂತ ಕುಟ್ಲಿ’ ಎಂದಳು.

ಆ ದನಿ ಟಪ್ ಎಂದೇ ಬಂದಿತ್ತು. ಮೂವತ್ತೊಂದು ವರ್ಷ ಕಿವಿಯಿಂದ ಅನ್ನ ತಿಂದವನು ನಾನು, ಅದನ್ನು ಕೇಳಿಸಿಕೊಂಡೂ ಪುಡಿಯ ಹಿಂದೆಯೇ ಹೋದೆ. ‘ಅಂಗಡೀದು ತಿನ್ನೋದಾದ್ರೆ ನಮ್ಮೂರಲ್ಲೇ ಅಂಗಡಿ ಇದಾವೆ. ಇನ್ಮೇಲೆ ಕಳಿಸ್ಬೇಡ’ ಎಂದು ಫೋನಿಟ್ಟೆ. ಅಷ್ಟಕ್ಕೇ ನಿಲ್ಲಲಿಲ್ಲ. ಡಬ್ಬಿ ತೊಳೆದು ಒರೆಸಿ ಶಾಂತನ ಕೈಗೆ ಕೊಟ್ಟು, ಹೀಗೇ ಕಳಿಸು ಎಂದೆ. ಅವಳು ಸಕ್ಕರೆ ಡಬ್ಬಕ್ಕೆ ಕೈ ಹಾಕಿದಳು. ನಾನು ಬೇಡವೆಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಖಾಲಿ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟುಹೋದಳು.

ಎಲ್ಲಿಗೆ ಹೊರಟಳು ಎಂದಿರಾ? ವಚನದ ಕ್ಲಾಸಿಗೆ. ನಾನು ಆಸ್ಪತ್ರೆಯಿಂದ ಬಂದ ಮೇಲೆ ಅವಳಿಗೆ ಇದ್ದಕ್ಕಿದ್ದಂತೆ ವಚನ ಕಲಿಯುವ ಆಸೆ ಹುಟ್ಟಿತ್ತು. ಮಂಗಳವಾರ, ಶುಕ್ರವಾರ ಹತ್ತು ಗಂಟೆಗೆ ಹೋದರೆ ಬರುವುದು ಸಂಜೆ. ದಾರಿಯಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಭಾವ ಸಿಗುತ್ತಾರೆ, ಡಬ್ಬಿ ಅಲ್ಲೇ ಕೈ ಬದಲಾಗುತ್ತದೆ ಎಂಬುದು ಅವಳ ಹೇಳಿಕೆ. ಎರಡು ತಿಂಗಳಾದರೂ ಒಂದು ಹೊಸ ವಚನವೂ ಅವಳ ಬಾಯಿಂದ ಬರಲಿಲ್ಲ. ಹಾಡು ಎಂದರೆ, ‘ಇನ್ನೂ ರಾಗ ಕೂರಿಸ್ತಿದಾರೆ’ ಎನ್ನುತ್ತಿದ್ದಳು. ಸೀರೆಯಿಂದ ಫಿನಾಯಿಲಿನ ವಾಸನೆ ಬರುತ್ತಿತ್ತು. ಯಾವ ವಚನದ ಕ್ಲಾಸಿನಲ್ಲಿ ಅಷ್ಟು ಫಿನಾಯಿಲ್ ಹಾಕುತ್ತಾರೆ ಹೇಳಿ.

ಆಮೇಲೆ ಡಬ್ಬಿ ಬರಲೇ ಇಲ್ಲ. ಒಂದು ಶುಕ್ರವಾರ ಶಾಂತ ಕ್ಲಾಸಿಗೆ ಹೋದ ಮೇಲೆ, ಅವಳು ಬಚ್ಚಿಟ್ಟಿದ್ದ ಉಪ್ಪಿನಕಾಯಿ ಭರಣಿಗಾಗಿ ಅಡುಗೆಮನೆ ಶೋಧಿಸತೊಡಗಿದೆ. ಭರಣಿ ಸಿಗಲಿಲ್ಲ. ಗ್ಯಾಸ್ ಒಲೆಯ ಕಾಲಿನ ಕೆಳಗೆ ನಾಲ್ಕು ಕಪ್ಪು ಹುಚ್ಚೆಳ್ಳು ಸಿಕ್ಕವು. ಪುಡಿಯೇ ಬರುವ ಮನೆಗೆ ಕಾಳು ಯಾರು ತರುತ್ತಾರೆ? ಮಿಕ್ಸಿ ಜಾರಿನ ರಬ್ಬರ್ ಮೂಸಿದೆ, ಬೆಳ್ಳುಳ್ಳಿ. ದೇವರ ಗೂಡಿನ ಕೆಳಗೆ, ಊದುಬತ್ತಿ ಪೊಟ್ಟಣಗಳ ಹಿಂದೆ, ಅರ್ಧ ಕೆಜಿ ಹುಚ್ಚೆಳ್ಳು. ಅಂದರೆ ಇವಳು ಅಕ್ಕ ಕುಟ್ಟಿ ಕಳಿಸಿದ ಪುಡಿಯನ್ನು ಎಲ್ಲೋ ಸುರಿದು, ನನ್ನ ಬಿಪಿಗಾಗಿ ತನ್ನ ಉಪ್ಪಿಲ್ಲದ ಪುಡಿ ತುಂಬಿಸಿದ್ದಾಳೆ. ಆದರೆ ಹಾಗಾದರೆ ಅಕ್ಕ ಅಂಗಡಿಯದೆಂದು ಒಪ್ಪಿಕೊಂಡದ್ದೇಕೆ? ಲೆಕ್ಕ ಕೂಡುತ್ತಿರಲಿಲ್ಲ. ನಾಲ್ಕು ಕಾಳು, ರಬ್ಬರು, ಪೊಟ್ಟಣ ಎಲ್ಲವನ್ನೂ ಪೇಪರಿನ ಮೇಲೆ ಸಾಲಾಗಿ ಜೋಡಿಸಿ ಕಾದು ಕೂತೆ.

ಸಂಜೆ ಬಂದವಳು ಪೇಪರ್ ನೋಡಿದಳು. ಚಪ್ಪಲಿ ಬಿಡುವುದನ್ನೂ ಮರೆತು ಕುರ್ಚಿಯಲ್ಲಿ ಕೂತಳು.

‘ನಾನೇ ಮಾಡಿದ್ದು’ ಎಂದಳು. ‘ಅಕ್ಕನಿಗೆ ಕುಟ್ಟೋಕಾಗಲ್ಲ. ಎದ್ದು ಕೂರೋಕೂ ಒಬ್ರು ಹಿಡ್ಕೋಬೇಕು.’

ಅವಳೇ ಮುಂದುವರಿಸಿದಳು. ‘ಹೊಟ್ಟೇಲಿ ಗಡ್ಡೆ. ನಿಮಗೆ ಸ್ಟೆಂಟ್ ಹಾಕಿದ ವಾರಾನೇ ಗೊತ್ತಾಗಿದ್ದು. ಆಪರೇಷನ್ ಮಾಡೋ ಹಂತ ದಾಟಿದೆಯಂತೆ. ಅವನ ಎದೆ ಗಟ್ಟಿ ಆಗೋ ತನಕ ಹೇಳ್ಬೇಡ ಅಂತ ಕೈಮೇಲೆ ಕೈ ಹಾಕಿಸ್ಕೊಂಡ್ರು. ಪುಡಿ ನಿಂತ್ರೆ ನಿಮಗೆ ಅನುಮಾನ ಬರುತ್ತೆ ಅಂತ ಅವರೇ ಅಳತೆ ಹೇಳಿಕೊಟ್ರು. ನೀವು ವಾಕಿಂಗ್ ಹೋದಾಗ ಮಿಕ್ಸೀಲಿ ಮಾಡಿದೆ. ಅವ್ರ ಹತ್ರ ತಗೊಂಡ್ಹೋಗಿ ನಾಲಿಗೆಗೆ ಮುಟ್ಸಿ, ಹೂಂ ಅಂದ್ಮೇಲೆ ತಂದೆ.’

‘ಖಾಲಿ ಡಬ್ಬಿ?’

‘ಅದನ್ನೂ ತಗೊಂಡ್ಹೋದೆ. ದಾರೀಲಿ ಏನಾದ್ರೂ ಹಾಕೋಣ ಅನ್ಸಿತ್ತು. ನಿಮ್ಮ ಮೇಲೆ ಸಿಟ್ಟು ಬಂದಿತ್ತು, ಹಾಕ್ಲಿಲ್ಲ.’

ಆ ಸಂಜೆ ನಾನು ಅತ್ತೆ. ಎದೆಗೆ ಒಳ್ಳೆಯದಲ್ಲವೆಂದು ಶಾಂತ ಹೇಳಲಿಲ್ಲ. ಅವಳೂ ಅತ್ತಳು.

ಮಾರನೆಯ ಬೆಳಗ್ಗೆ ಇಬ್ಬರೂ ಬಸ್ಸು ಹತ್ತಿದೆವು. ಮೂರು ತಿಂಗಳಾಗಲು ಇನ್ನೂ ಎರಡು ವಾರ ಬಾಕಿಯಿತ್ತು. ಮಾಚೇನಹಳ್ಳಿ ಬಂದಾಗ ನನ್ನ ಫೌಂಡ್ರಿಯ ಗೇಟಿನ ಕಡೆ ನಾನು ತಿರುಗಿಯೂ ನೋಡಲಿಲ್ಲ.

ಅಕ್ಕ ನಡುಮನೆಯ ಮಂಚದ ಮೇಲೆ ಇದ್ದಳು. ಬಳೆಗಳು ಮೊಣಕೈವರೆಗೂ ಜಾರುತ್ತಿದ್ದವು. ಗೋಡೆಯ ಬದಿಯಲ್ಲಿ ಆಸ್ಪತ್ರೆಯ ಬೇಸಿನ್ನು, ಫಿನಾಯಿಲ್ ಬಾಟಲಿ. ನನ್ನನ್ನು ಕಂಡವಳೇ ಗಂಡನ ಕಡೆ ತಿರುಗಿ, ‘ಖಾಲಿ ಡಬ್ಬಿ ಕಳಿಸೋರು ಬಂದ್ರು ನೋಡ್ರಿ’ ಎಂದಳು.

‘ತಪ್ಪಾಯ್ತು ಅಕ್ಕ.’

‘ಮುಚ್ಚಳ ತೆಗೆದು, ಮೂಲೇಲಿ ಒಂದು ಚೂರು ಬೆಲ್ಲನಾದ್ರೂ ಅಂಟ್ಕೊಂಡಿದೆಯಾ ಅಂತ ಹುಡುಕ್ದೆ ಕಣೋ’ ಎಂದಳು. ಅವಳು ನಗುತ್ತಲೇ ಹೇಳಿದಳು. ನನಗೆ ತಲೆ ಎತ್ತಲಾಗಲಿಲ್ಲ.

‘ಅಷ್ಟು ಸುಳ್ಳು ಹೆಂಗೆ ಹೇಳಿದೆ ನನ್ಹತ್ರ?’

‘ಫೋನಲ್ಲಿ ಸುಲಭ. ವಿಭೂತಿ ಹುಡುಕೋ ತಾಪತ್ರಯ ಇಲ್ಲ.’

ಆಮೇಲೆ ಅವಳು ಕುಟ್ಟಾಣಿ ತರಿಸಿ ನನ್ನ ಮುಂದೆ ಇಡಿಸಿದಳು. ‘ಭೂತಗನ್ನಡಿ ಹಾಕಿ ನೋಡಿದ್ಯಂತೆ. ಈಗ ಕುಟ್ಟು, ನೋಡೋಣ.’ ಶಾಂತ ಕಾಳು ಹುರಿದುಕೊಟ್ಟಳು. ನಾನು ನೆಲದ ಮೇಲೆ ಕೂತು ಕುಟ್ಟತೊಡಗಿದೆ. ಅಕ್ಕ ಕಣ್ಣು ಮುಚ್ಚಿ ಮಲಗಿದ್ದಳು. ನಿದ್ದೆ ಬಂತೇನೋ ಎಂದುಕೊಂಡು ನಿಲ್ಲಿಸಿದರೆ, ‘ಇನ್ನೂ ಹಸಿ ಇದೆ, ಕುಟ್ಟು’ ಎಂದಳು. ಸ್ವಲ್ಪ ಹೊತ್ತಾದ ಮೇಲೆ, ‘ಈಗ ಬೆಳ್ಳುಳ್ಳಿ ಹಾಕು’. ಮತ್ತೆ ಸ್ವಲ್ಪ ಹೊತ್ತಿಗೆ, ‘ಸಾಕು, ಎಣ್ಣೆ ಬಿಡ್ತು. ಸದ್ದು ಮೆತ್ತಗಾಯ್ತಲ್ಲ, ಕೇಳಿಸ್ಲಿಲ್ವಾ?’ ಎಂದಳು. ನನಗೆ ಕೇಳಿಸಿರಲಿಲ್ಲ. ಬಗ್ಗಿ ನೋಡಿದರೆ ಪುಡಿ ನಿಜಕ್ಕೂ ಹದಕ್ಕೆ ಬಂದಿತ್ತು, ಅಂಚಿನಲ್ಲಿ ಎಣ್ಣೆಯ ಪಸೆ. ಕಣ್ಣು ತೆರೆಯದೆ ಮಲಗಿದಲ್ಲಿಂದಲೇ ಹದ ಹೇಳಿದ್ದಳು. ಇಷ್ಟು ವರ್ಷ ಅವಳು ಹೀಗೆ ಕಿವಿಯಲ್ಲೇ ಅಡುಗೆ ಮಾಡಿದ್ದಳೆಂದು ನನಗೆ ಗೊತ್ತೇ ಇರಲಿಲ್ಲ. ಒಂದು ಚಿಟಿಕೆ ಅವಳ ನಾಲಿಗೆಗೆ ಮುಟ್ಟಿಸಿದೆ. ‘ಉಪ್ಪು ಸಾಕು. ಪಾಸು’ ಎಂದಳು. ಡಬ್ಬಿ ತುಂಬಿಸಿಕೊಂಡು ಬಂದೆ.

ಆಮೇಲೆ ಆರು ವಾರ ಮಂಗಳವಾರ, ಶುಕ್ರವಾರ ನಾನೂ ವಚನದ ಕ್ಲಾಸಿಗೆ ಹೋದೆ. ಶಾಂತ ಅಕ್ಕನಿಗೆ ಮೈ ಒರೆಸಿ ಸೀರೆ ಬದಲಿಸುತ್ತಿದ್ದಳು. ಭಾವ ಅಂಗಳದಲ್ಲಿ ಸುಮ್ಮನೆ ಅಡ್ಡಾಡುತ್ತಿದ್ದರು. ಕಾರ್ಖಾನೆಯಲ್ಲಿ ಕ್ರೇನ್ ನಡೆಸಿದ ಮನುಷ್ಯ, ಮನೆಯಲ್ಲಿ ಕಾಫಿ ಕಾಸಲೂ ಬಾರದು. ನಾನು ಕುಟ್ಟುತ್ತಿದ್ದೆ, ಅಕ್ಕ ಹದ ಹೇಳುತ್ತಿದ್ದಳು. ಕಡೆಯ ವಾರಗಳಲ್ಲಿ ಮಾತು ನಿಂತು, ಸಾಕೆನಿಸಿದಾಗ ಬೆರಳು ಎತ್ತುತ್ತಿದ್ದಳು. ತಿನ್ನುವವರಿಲ್ಲದೆ ನಮ್ಮ ಮನೆಯಲ್ಲಿ ಐದು ಬಾಟಲಿ ಪುಡಿ ಸೇರಿತು. ಒಂದು ಮಂಗಳವಾರ ಬಸ್ಸು ಮಾಚೇನಹಳ್ಳಿ ದಾಟುತ್ತಿದ್ದಾಗ ಭಾವನ ಫೋನ್ ಬಂತು. ‘ನಿಧಾನಕ್ಕೆ ಬನ್ನಿ’ ಎಂದರು. ಅಷ್ಟರಲ್ಲೇ ತಿಳಿಯಿತು. ನನ್ನ ತೊಡೆಯ ಮೇಲೆ ಡಬ್ಬಿ ಇತ್ತು, ಅದರಲ್ಲಿ ಅವಳಿಗಾಗಿ ಶಾಂತ ಮಾಡಿದ ರಾಗಿ ಗಂಜಿ ಇನ್ನೂ ಬಿಸಿಯಾಗಿತ್ತು.

ಆ ಗಡಿಬಿಡಿಯಲ್ಲಿ ಡಬ್ಬಿ ಅಲ್ಲೇ ಉಳಿಯಿತು. ಅಕ್ಕನನ್ನು ಮಣ್ಣು ಮಾಡಿ, ಶಿವಗಣಾರಾಧನೆ ಮುಗಿಸಿ ಬಂದು ಒಂದು ತಿಂಗಳು ಕಳೆದರೂ ನಾನು ಅದನ್ನು ಕೇಳಲಿಲ್ಲ. ಅದಿನ್ನು ಓಡಾಡುವುದಿಲ್ಲವೆಂದು ಮನಸ್ಸಿಗೆ ಹೇಳಿಕೊಂಡಿದ್ದೆ.

ಹೋದ ಭಾನುವಾರ ಬೆಳಗ್ಗೆ ಬಾಗಿಲಲ್ಲಿ ಭಾವ ನಿಂತಿದ್ದರು. ಪೂಜೆ ಮುಗಿಸಿ ಬಂದದ್ದು, ಹಣೆಯಲ್ಲಿ ಮೂರು ಬೆರಳಿನ ವಿಭೂತಿ ಎದ್ದು ಕಾಣುತ್ತಿತ್ತು. ಕೈಯಲ್ಲಿ ಡಬ್ಬಿ. ಈಸಿಕೊಂಡು, ಚಟ ಬಿಡದೆ, ಗೆಣ್ಣಿನಿಂದ ಒಮ್ಮೆ ತಟ್ಟಿದೆ. ಸದ್ದು ಮಂದವಾಗಿತ್ತು. ಡಬ್ಬಿ ತುಂಬಿತ್ತು. ನನಗೆ ಅನುಮಾನ ಬಂತು.

‘ಯಾರು ಮಾಡಿದ್ದು ಭಾವ?’

ಅವರು ಎಡಗೈಯನ್ನು ಪಂಚೆಯ ಮರೆಗೆ ಸರಿಸಿದರು. ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ‘ಖಾಲಿ ತರೋದು ಹೆಂಗೆ ಅನ್ನಿಸ್ತು’ ಎಂದರು.

ಮುಚ್ಚಳ ತೆಗೆದೆ. ಕಾಳು ಸೀದು ಹೋಗಿತ್ತು. ಬೆಳ್ಳುಳ್ಳಿ ಅರ್ಧಂಬರ್ಧ ಜಜ್ಜಿ ಸಿಪ್ಪೆ ಸಮೇತ ಬಿದ್ದಿತ್ತು. ಶಾಂತ ಬಿಸಿ ರೊಟ್ಟಿ ತಂದಿಟ್ಟಳು. ಒಂದು ತುತ್ತು ಬಾಯಿಗಿಟ್ಟೆ, ನನ್ನ ಡಾಕ್ಟರು ಕಂಡರೆ ಓಡಿಬರುವಷ್ಟು ಉಪ್ಪು, ಮೇಲೆ ಕಹಿ. ಕಣ್ಣು ಮುಚ್ಚಿಕೊಂಡೇ ಕೆಂಪು ಬಣ್ಣ ಬಳಿಯಬಹುದಾದ ಮಾಲು. ಭಾವ ಕುರ್ಚಿಯ ತುದಿಯಲ್ಲಿ ಕೂತು ನನ್ನ ಬಾಯನ್ನೇ ನೋಡುತ್ತಿದ್ದರು.

‘ಹೆಂಗಿದೆ?’

‘ಅಕ್ಕ ಕುಟ್ಟಿದ ಹಾಗೇ ಇದೆ’ ಎಂದೆ.

‘ನಿಜವಾಗ್ಲೂ?’ ಎಂದು ಅವರು ಅನುಮಾನದಿಂದ ನನ್ನ ಕಡೆ ಬಾಗಿದರು.

ನಾನು ಅವರ ಹಣೆಯ ವಿಭೂತಿಯನ್ನು ನೋಡುತ್ತ, ‘ನಿಜ ಭಾವ’ ಎಂದೆ.